ಜರ್ಮನಿಯಲ್ಲಿ ಮಗಳು ರಾತ್ರಿ ಬರೀ ಬ್ರೆಡ್ ತಿನ್ನುತ್ತಾಳೆ, ಇದು ಸಾಕಾ?

ಪ್ರಶ್ನೆ: ನನ್ನ ಮಗಳು ಎಂ.ಎಸ್. ಓದಲು ಅಕ್ಟೋಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದಾಳೆ. ನಾವು ಶಿವಮೊಗ್ಗದವರು, ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಅವಳಿರುವ ಮನೆಯಲ್ಲಿ ಇನ್ನಿಬ್ಬರು ಜರ್ಮನ್ ಹುಡುಗಿಯರಿದ್ದಾರೆ. ದಿನಾ ರಾತ್ರಿ ಹತ್ತೂವರೆಗೆ ವಿಡಿಯೋ ಕಾಲ್ ಮಾಡುತ್ತೇನೆ, ಅಲ್ಲಿ ಆಗ ಸಂಜೆ ಆರು. ಮೊದಲೆಲ್ಲ ಅನ್ನ ಮಾಡಿಕೊಳ್ಳುತ್ತಿದ್ದಳು. ಈಗ ನೋಡಿದಾಗಲೆಲ್ಲ ಕಪ್ಪು ಬ್ರೆಡ್ ಎರಡು ತುಂಡು, ಚೀಸ್, ಉಪ್ಪಿನಕಾಯಿ ಥರದ ಸೌತೆಕಾಯಿ. ಒಲೆ ಹಚ್ಚುವುದೇ ಇಲ್ಲ. ಇದರಲ್ಲಿ ಶಕ್ತಿ ಎಲ್ಲಿಂದ ಬರಬೇಕು? ಒಗ್ಗರಣೆ ಹಾಕಿದ್ದಕ್ಕೆ ಜೊತೆಯವರು ‘ಕಿಟಕಿ ತೆಗೆ’ ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದರಂತೆ. ಅವರು ತಿನ್ನುವಾಗ ಇವಳನ್ನು ಒಂದು ಸಲ ಕೇಳುತ್ತಾರಂತೆ, ಬೇಡ ಅಂದರೆ ಸುಮ್ಮನಾಗುತ್ತಾರಂತೆ. ಭಾನುವಾರ ಒಂದು ಪ್ಯಾಕೆಟ್ ಹಾಲೂ ಸಿಗುವುದಿಲ್ಲವಂತೆ. ಆ ಊರಿನ ಜನರಿಗೆ ಅಂತಃಕರಣ ಇಲ್ಲವೇ? ನಾನು ಇಲ್ಲಿಂದ ಏನಾದರೂ ಕಳಿಸಬಹುದೇ?

ಉತ್ತರ: ಅಕ್ಕಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 2004ರಲ್ಲಿ ನಾನು ಮೈಸೂರಿನಿಂದ ಇದೇ ಸ್ಟುಟ್‌ಗಾರ್ಟ್‌ಗೆ ಬಂದಾಗ ನನ್ನ ಅಮ್ಮನೂ ಹೀಗೇ ಕೇಳುತ್ತಿದ್ದರು. ಆಗ ವಿಡಿಯೋ ಕಾಲ್ ಇರಲಿಲ್ಲ. ‘ಏನು ತಿಂದೆ?’ ಅಂದರೆ ‘ಅನ್ನ ಸಾರು’ ಅಂತ ಹೇಳಿಬಿಡುತ್ತಿದ್ದೆ. ನಿಮ್ಮ ಮಗಳು ತಟ್ಟೆಯನ್ನೇ ತೋರಿಸುತ್ತಿದ್ದಾಳೆ. ಅದು ಒಳ್ಳೆಯ ಲಕ್ಷಣ. ಮುಚ್ಚಿಡುವಂಥದ್ದು ಏನೂ ಇಲ್ಲ ಅಂತ ಅವಳಿಗೆ ಅನಿಸಿದೆ.

ನಾನು ಇಲ್ಲಿನ ಹೊಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿದೆ. ಆಮೇಲೆ ಹಿಟ್ಟಿನ ಗಿರಣಿಯೊಂದರ ಪ್ರಯೋಗಾಲಯ ಸೇರಿದೆ. ಬ್ರೆಡ್ಡಿನ ಹಿಟ್ಟು ಪರೀಕ್ಷಿಸುವುದೇ ನನ್ನ ಕೆಲಸ. ಹೊಸದಾಗಿ ಬರುವ ನಮ್ಮ ಕಡೆಯ ಮಕ್ಕಳು ಮೊದಲ ಚಳಿಗಾಲದಲ್ಲಿ ಏನು ತಿನ್ನಬೇಕು ಅಂತ ಕೇಳಿಕೊಂಡು ಬರುತ್ತಲೇ ಇರುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು.

ಮೊದಲು ಒಂದು ಮಾತು. ನೀವು ನೋಡುತ್ತಿರುವುದು ಅವಳ ಸಂಜೆಯ ತಟ್ಟೆ. ಮಧ್ಯಾಹ್ನದ ತಟ್ಟೆಯನ್ನು ನೀವು ನೋಡಿಯೇ ಇಲ್ಲ, ಅಲ್ವಾ?

ಜರ್ಮನಿಯಲ್ಲಿ ದಿನದ ಬಿಸಿ ಊಟ ಅಂದರೆ ಮಧ್ಯಾಹ್ನದ್ದು. ಹಳ್ಳಿಯಲ್ಲಿ ಹೊಲದ ಕೆಲಸ ಮಾಡುವವರಿಗೆ ಮಧ್ಯಾಹ್ನ ಹೊಟ್ಟೆ ತುಂಬಬೇಕಿತ್ತು. ಮುಂದೆ ಕಾರ್ಖಾನೆಗಳು ಬಂದವು, ಅಲ್ಲಿನ ಕ್ಯಾಂಟೀನ್‌ಗಳಲ್ಲಿ ಮಧ್ಯಾಹ್ನ ಬಿಸಿ ಊಟ ಕೊಟ್ಟರು. ಶಾಲೆಗಳೂ ಬಹುಕಾಲ ಮಧ್ಯಾಹ್ನಕ್ಕೇ ಮುಗಿಯುತ್ತಿದ್ದವು, ಮಕ್ಕಳು ಮನೆಗೆ ಬಂದು ಬಿಸಿ ಊಟ ಮಾಡುತ್ತಿದ್ದರು. ಹೀಗೆ ಒಲೆಯ ಕೆಲಸ ಮಧ್ಯಾಹ್ನಕ್ಕೆ ಮುಗಿದರೆ ಸಂಜೆಗೆ ಉಳಿಯುವುದು ಬ್ರೆಡ್. ಸಂಜೆಯ ಊಟದ ಹೆಸರೇ ‘ಆಬೆಂಡ್‌ಬ್ರೋಟ್’, ಅಂದರೆ ಸಂಜೆ ರೊಟ್ಟಿ. ಸ್ಟುಟ್‌ಗಾರ್ಟ್ ಇರುವುದು ಶ್ವಾಬೆನ್ ಸೀಮೆಯಲ್ಲಿ. ಈ ಕಡೆಯವರು ಅದನ್ನೇ ‘ಫೆಸ್ಪರ್’ ಅನ್ನುತ್ತಾರೆ. ಈಗ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಸಂಜೆಯೇ ಬಿಸಿ ಅಡುಗೆ ಮಾಡುವವರು ಜಾಸ್ತಿಯಾಗಿದ್ದಾರೆ, ಅದೂ ನಿಜ. ಆದರೆ ಆಫೀಸಿನಲ್ಲಿ ಹನ್ನೆರಡು ಗಂಟೆಗೆ ಕಾರಿಡಾರ್‌ನಲ್ಲಿ ಎದುರಾದವರು ಇವತ್ತಿಗೂ ‘ಮಾಲ್ಟ್ಸೈಟ್’ ಅಂತಲೇ ಹೇಳುತ್ತಾರೆ. ‘ಊಟದ ಹೊತ್ತು’ ಎಂಬುದೇ ಅವರ ನಮಸ್ಕಾರ.

ನಿಮ್ಮ ಮಗಳಿಗೂ ಇಂಥ ಮಧ್ಯಾಹ್ನದ ಊಟ ಇರಬೇಕು. ವಿಶ್ವವಿದ್ಯಾಲಯಗಳಲ್ಲಿ ‘ಮೆನ್ಸಾ’ ಅಂತ ವಿದ್ಯಾರ್ಥಿಗಳ ಊಟದ ಮನೆ ಇರುತ್ತದೆ. ರಿಯಾಯಿತಿ ದರ, ಬಿಸಿ ಊಟ. ಮಾಂಸವಿಲ್ಲದ್ದು ದಿನಾ ಒಂದಾದರೂ ಇರುತ್ತದೆ. ಆಲೂಗಡ್ಡೆ, ಪಾಸ್ತಾ, ಬೇಳೆಯ ಸೂಪ್, ಕೆಲವು ದಿನ ಕಡಲೆಕಾಳಿನ ಪಲ್ಯದಂಥದ್ದು. ಅವಳು ಅಲ್ಲಿ ಊಟ ಮಾಡುತ್ತಿದ್ದಾಳಾ, ಮೊದಲು ಕೇಳಿ. ಮಾಡುತ್ತಿದ್ದರೆ ಸಂಜೆಯ ಬ್ರೆಡ್ಡಿನ ಬಗ್ಗೆ ನಿಮಗೆ ಚಿಂತೆ ಬೇಡ. ದುಡ್ಡು ಉಳಿಸಲು ಮಧ್ಯಾಹ್ನ ಬರೀ ಕಾಫಿ ಬಿಸ್ಕತ್ತಿನಲ್ಲಿ ಕಳೆಯುತ್ತಿದ್ದರೆ ಮಾತ್ರ ಗದರಿಸಿ. ಎಷ್ಟೋ ಮಕ್ಕಳು ಹಾಗೆ ಮಾಡುವುದನ್ನು ನೋಡಿದ್ದೇನೆ. ಸೊರಗುವುದು ಅವರೇ.

ಇನ್ನು ಆ ಕಪ್ಪು ಬ್ರೆಡ್. ನಮ್ಮ ಮನೆಗಳಲ್ಲಿ ಬ್ರೆಡ್ ಬರುವುದು ಯಾರಿಗಾದರೂ ಜ್ವರ ಬಂದಾಗ. ಹಾಲಿನಲ್ಲಿ ಅದ್ದಿ ಕೊಡುತ್ತೇವೆ. ಹಾಗಾಗಿ ಮಗಳ ತಟ್ಟೆಯಲ್ಲಿ ಬ್ರೆಡ್ ಕಂಡರೆ ತಾಯಿಗೆ ಕಾಯಿಲೆಯ ನೆನಪಾಗುವುದು ಸಹಜ. ಆದರೆ ಆ ಬಿಳಿ ಮೆತ್ತನೆಯ ಬ್ರೆಡ್ಡೇ ಬೇರೆ, ಇದೇ ಬೇರೆ. ಇದು ಹೆಚ್ಚಾಗಿ ರೈ ಎಂಬ ಧಾನ್ಯದ್ದು. ಗೋಧಿಯ ನೆಂಟ. ಉತ್ತರ ಜರ್ಮನಿಯ ಮರಳು ನೆಲದಲ್ಲಿ, ಕೊರೆಯುವ ಚಳಿಯಲ್ಲಿ ಗೋಧಿ ಸರಿಯಾಗಿ ಬಾರದ ಕಡೆಯೂ ಇದು ಬೆಳೆಯುತ್ತದೆ. ನಮ್ಮ ಒಣಭೂಮಿಯಲ್ಲಿ ರಾಗಿ ಮಾಡಿದ ಕೆಲಸವನ್ನು ಆ ನೆಲದಲ್ಲಿ ರೈ ಮಾಡಿದೆ. ದುಡಿಯುವವರ ಹೊಟ್ಟೆ ಕಾದಿದೆ. ಒಂದೇ ವ್ಯತ್ಯಾಸ. ಮುದ್ದೆಯನ್ನು ನುಂಗಬೇಕು, ಈ ಬ್ರೆಡ್ಡನ್ನು ಚೆನ್ನಾಗಿ ಅಗಿಯಬೇಕು.

ಇದರ ಹುಳಿ ನಿಮಗೆ ಗೊತ್ತಿರುವ ಹುಳಿಯೇ. ರೈ ಹಿಟ್ಟಿನಲ್ಲಿ ಗೋಧಿ ಹಿಟ್ಟಿನ ಹಾಗೆ ಎಳೆದರೆ ಹಿಗ್ಗುವ ಜಿಗುಟು ಬರುವುದಿಲ್ಲ. ಜೊತೆಗೆ ಪಿಷ್ಟವನ್ನು ಒಡೆಯುವ ಕಿಣ್ವ ಅದರಲ್ಲಿ ಜೋರಾಗಿರುತ್ತದೆ. ಹಾಗೇ ಬೇಯಿಸಿದರೆ ಬ್ರೆಡ್ಡಿನ ಒಳಗೆಲ್ಲ ಅಂಟು ಅಂಟು. ಹಿಟ್ಟನ್ನು ಹುಳಿ ಬರಿಸಿದರೆ ಆ ಕಿಣ್ವದ ಆಟ ನಿಲ್ಲುತ್ತದೆ, ಬ್ರೆಡ್ ನಿಲ್ಲುತ್ತದೆ. ಗಿರಣಿಯಲ್ಲಿ ನಾನು ದಿನಾ ಅಳೆಯುವುದು ಇದನ್ನೇ. ಹಿಟ್ಟು ನೀರು ಕಲಸಿ, ಗಾಜಿನ ಕೊಳವೆಯಲ್ಲಿಟ್ಟು ಬಿಸಿ ಮಾಡುತ್ತೇವೆ. ಆ ಗಂಜಿಯೊಳಗೆ ಒಂದು ಕಡ್ಡಿ ಎಷ್ಟು ಸೆಕೆಂಡಿನಲ್ಲಿ ಕೆಳಗಿಳಿಯುತ್ತದೆ ಅಂತ ನೋಡುತ್ತೇವೆ. ಬೇಗ ಇಳಿದರೆ ಕಿಣ್ವ ಜಾಸ್ತಿ ಅಂತ ಅರ್ಥ. ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ನಿಮ್ಮ ಮನೆಯ ಇಡ್ಲಿ ಹಿಟ್ಟಿನಲ್ಲಿರುವ ಬಳಗದವೇ. ಇಲ್ಲಿನ ಬೇಕರಿಯವರು ನಿನ್ನೆಯ ಹುಳಿಹಿಟ್ಟು ಸ್ವಲ್ಪ ತೆಗೆದಿಟ್ಟು ಇವತ್ತಿನದಕ್ಕೆ ಸೇರಿಸುವುದನ್ನು ಮೊದಲ ಸಲ ನೋಡಿದಾಗ ನನಗೆ ಅಜ್ಜಿ ಹೆಪ್ಪು ಎತ್ತಿಡುತ್ತಿದ್ದದ್ದು ಕಣ್ಣ ಮುಂದೆ ಬಂತು.

ಜರ್ಮನಿಯ ಬ್ರೆಡ್ ಸಂಸ್ಥೆಯ ಪಟ್ಟಿಯಲ್ಲಿ 3,000ಕ್ಕೂ ಹೆಚ್ಚು ಬಗೆಯ ಬ್ರೆಡ್‌ಗಳಿವೆ. 2014ರಲ್ಲಿ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಬ್ರೆಡ್ ಮಾಡುವ ಪದ್ಧತಿಯನ್ನೂ ಸೇರಿಸಿದರು. ವೆಸ್ಟ್‌ಫಾಲಿಯಾ ಕಡೆಯ ‘ಪುಂಪರ್‌ನಿಕೆಲ್’ ಅನ್ನೋ ಕಪ್ಪು ಬ್ರೆಡ್ ಇದೆಯಲ್ಲ, ಅದನ್ನು ಕಡಿಮೆಯೆಂದರೂ 16 ಗಂಟೆ ಬೇಯಿಸಬೇಕು ಅಂತ ನಿಯಮವೇ ಇದೆ. ಬೆಲ್ಲ ಹಾಕದೆಯೇ ಬೆಲ್ಲದ ಬಣ್ಣ, ಸಿಹಿ ಬರುವುದು ಆ ನಿಧಾನದ ಬಿಸಿಯಿಂದ.

ಶಕ್ತಿಯ ಲೆಕ್ಕ ಕೇಳಿದ್ದೀರಿ. ಇಡೀ ಧಾನ್ಯದ ರೈ ಬ್ರೆಡ್ ಎರಡು ತುಂಡು ಅಂದರೆ ಸುಮಾರು 100 ಗ್ರಾಂ. ಅದರಲ್ಲಿ 200 ಕ್ಯಾಲರಿ, 8 ಗ್ರಾಂನಷ್ಟು ನಾರು. ಮೇಲೆ 30 ಗ್ರಾಂ ಚೀಸ್ ಇಟ್ಟರೆ 7 ಗ್ರಾಂ ಪ್ರೋಟೀನ್. ಇದರ ಜೊತೆ ‘ಕ್ವಾರ್ಕ್’ ತಿನ್ನಲು ಹೇಳಿ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರಿನ ಹಾಗಿರುತ್ತದೆ. ಕೊಬ್ಬು ತೆಗೆದ ಕ್ವಾರ್ಕ್‌ನಲ್ಲಿ 100 ಗ್ರಾಂಗೆ 12 ಗ್ರಾಂ ಪ್ರೋಟೀನ್ ಇದೆ, ಬೆಲೆಯೂ ಕಡಿಮೆ. ಸಕ್ಕರೆ, ಏಲಕ್ಕಿ ಹಾಕಿ ಕಲಸಿದರೆ ಶ್ರೀಖಂಡ. ಬರೀ ಎರಡು ತುಂಡು ಬ್ರೆಡ್ಡಿನಲ್ಲಿ ಓದುವ ಹುಡುಗಿಯ ರಾತ್ರಿ ಕಳೆಯುವುದಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಮೂರು ನಾಲ್ಕು ತುಂಡು, ಚೀಸ್, ಕ್ವಾರ್ಕ್, ಒಂದು ಟೊಮೆಟೊ, ಒಂದು ಹಣ್ಣು ಅಂತಾದರೆ ಅದು ಊಟವೇ.

ಅವಳ ತಟ್ಟೆಯಲ್ಲಿ ಒಂದು ತರಕಾರಿ ಗಮನಿಸಿ. ತೆಳುವಾಗಿ ಹೆಚ್ಚಿದ ತಿಳಿಹಸಿರು ಹೋಳು ಕಂಡರೆ ಅದು ನವಿಲುಕೋಸು. ಇಂಗ್ಲಿಷಿನವರೂ ಅದನ್ನು ಕೋಲ್‌ರಾಬಿ ಅನ್ನುತ್ತಾರಲ್ಲ, ಅದು ಜರ್ಮನ್ ಹೆಸರು. ನಾವು ಹುಳಿಗೆ ಹಾಕುತ್ತೇವೆ. ಇವರು ಹಸಿಯಾಗಿ, ಉಪ್ಪು ಉದುರಿಸಿ, ಬ್ರೆಡ್ಡಿನ ಜೊತೆ ಕಟುಂ ಕಟುಂ ಅಂತ ತಿನ್ನುತ್ತಾರೆ. ನನಗೆ ಈಗ ಎರಡೂ ಇಷ್ಟ. ಆದರೆ ನವಿಲುಕೋಸಿನ ಹುಳಿಯ ಘಮ ಮನೆ ತುಂಬಿದ ದಿನವೇ ಬೇರೆ.

ಹೊಟ್ಟೆಗಿಂತ ನನಗೆ ಚಿಂತೆಯಾಗುವುದು ಬಿಸಿಲಿನದ್ದು. ಇಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮೈಗೆ ಡಿ ವಿಟಮಿನ್ ತಯಾರಾಗುವಷ್ಟು ಬಿಸಿಲೇ ಬೀಳುವುದಿಲ್ಲ. ನಮ್ಮ ಮಕ್ಕಳಿಗೆ ಸುಸ್ತು, ಮಂಕು ಬರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅವಳಿಗೆ ಆರೋಗ್ಯ ವಿಮೆ ಇದ್ದೇ ಇರುತ್ತದೆ. ಡಾಕ್ಟರ ಹತ್ತಿರ ಹೋಗಿ ಡಿ ವಿಟಮಿನ್ ಮತ್ತು ಸಸ್ಯಾಹಾರಿಗಳಿಗೆ ಕಡಿಮೆಯಾಗುವ ಬಿ 12 ಎರಡರ ಬಗ್ಗೆಯೂ ಕೇಳಲಿ. ಸುಮ್ನೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಬೇಡ.

ನೀವು ಮೊಟ್ಟೆ ತಿನ್ನುವವರಲ್ಲ ಅಂದಿದ್ದೀರಿ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಎಡವುವುದು ಇಲ್ಲೇ. ಇಲ್ಲಿ ‘ವೆಗೆಟಾರಿಶ್’ ಅಂದರೆ ಮಾಂಸ ಮೀನು ಇಲ್ಲ ಅಂತ ಅಷ್ಟೇ. ಮೊಟ್ಟೆ ಇರಬಹುದು. ಸ್ಟುಟ್‌ಗಾರ್ಟ್ ಕಡೆಯ ಹೆಮ್ಮೆಯ ‘ಶ್ಪೆಟ್ಸ್ಲೆ’ ಅನ್ನೋ ಶಾವಿಗೆಯಂಥ ತಿಂಡಿಯ ಹಿಟ್ಟು ಕಲಸುವುದೇ ಮೊಟ್ಟೆಯಲ್ಲಿ. ಕೇಕುಗಳೂ ಹಾಗೇ. ‘ವೇಗಾನ್’ ಅಂತ ಬರೆದದ್ದರಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಬೇಳೆ ಸೂಪ್ ಅಂತ ನಂಬಿ ತಂದರೆ ಅದರಲ್ಲಿ ‘ಶ್ಪೆಕ್’ ಇರಬಹುದು, ಅದು ಹಂದಿಯ ಕೊಬ್ಬು ಮಾಂಸ. ಹಣ್ಣಿನ ಮೊಸರಿನಲ್ಲಿ, ಮಿಠಾಯಿಯಲ್ಲಿ ‘ಗೆಲಾಟೀನೆ’ ಇದೆಯಾ ನೋಡಬೇಕು. ಚೀಸ್ ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ವಸ್ತುವನ್ನು ಬಳಸುವುದುಂಟು. ‘ಮಿಕ್ರೋಬಿಯೆಲ್ಲೆಸ್ ಲಾಬ್’ ಅಂತ ಪೊಟ್ಟಣದ ಮೇಲಿದ್ದರೆ ಅದು ಸೂಕ್ಷ್ಮಜೀವಿಯಿಂದ ಮಾಡಿದ್ದು, ತಿನ್ನಬಹುದು. ಕೆಲವು ಬೇಕರಿಗಳ ‘ಬ್ರೆಟ್ಸೆಲ್’ನಲ್ಲೂ, ಅದೇ ಗಂಟು ಹಾಕಿದ ಕಂದು ಬ್ರೆಡ್ಡಿನಲ್ಲೂ, ಹಂದಿ ಕೊಬ್ಬು ಇರುತ್ತದೆ. ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ. ಬೇಸರ ಮಾಡಿಕೊಳ್ಳುವುದಿಲ್ಲ.

ಹೆಸರುಗಳ ಇನ್ನೊಂದು ತೊಡಕು. ‘ಶ್ಮಾಲ್ಟ್ಸ್’ ಅಂದರೆ ಸಾಮಾನ್ಯವಾಗಿ ಹಂದಿ ಕೊಬ್ಬು. ಆದರೆ ‘ಬುಟರ್‌ಶ್ಮಾಲ್ಟ್ಸ್’ ಅಂದರೆ ಕಾಯಿಸಿದ ಬೆಣ್ಣೆ, ನಮ್ಮ ತುಪ್ಪವೇ. ಎರಡೂ ಅಂಗಡಿಯಲ್ಲಿ ಒಂದರ ಪಕ್ಕ ಒಂದು ಇರುತ್ತವೆ. ‘ಕ್ಯುಮೆಲ್’ ನೋಡಿದರೆ ಜೀರಿಗೆಯ ಹಾಗೇ ಕಾಣುತ್ತದೆ. ನಾನು ಮೊದಲ ವಾರ ಅದನ್ನೇ ತಂದು ಸಾರಿಗೆ ಒಗ್ಗರಣೆ ಹಾಕಿದೆ, ಇಡೀ ಪಾತ್ರೆ ಔಷಧಿ ವಾಸನೆ. ಅದು ಶಾಹಿಜೀರಿಗೆಯ ಥರದ್ದು. ನಮ್ಮ ಜೀರಿಗೆಗೆ ‘ಕ್ರೊಯ್ಟ್ಸ್‌ಕ್ಯುಮೆಲ್’ ಅಂತ ಕೇಳಬೇಕು. ಉಪ್ಪಿಟ್ಟಿಗೆ ‘ಹಾರ್ಟ್‌ವೈಟ್ಸೆನ್‌ಗ್ರೀಸ್’ ಅನ್ನೋ ಗಟ್ಟಿ ಗೋಧಿಯ ರವೆ ತಗೊಳ್ಳಲಿ, ಮೆತ್ತನೆಯದು ಮುದ್ದೆಯಾಗುತ್ತದೆ. ‘ಮಿಲ್ಶ್‌ರೈಸ್’ ಅಂತ ಮಾರುವ ದುಂಡಕ್ಕಿ ಪಾಯಸಕ್ಕೆಂದು ಇರುವುದು, ಮೊಸರನ್ನಕ್ಕೂ ಪೊಂಗಲ್ಲಿಗೂ ಹೇಳಿ ಮಾಡಿಸಿದ ಹಾಗಿದೆ.

ಸೊಪ್ಪು ತರಕಾರಿಗೆ ಟರ್ಕಿಯವರ ಅಂಗಡಿಗೆ ಹೋಗಲಿ. 1961ರ ಅಕ್ಟೋಬರ್ 30ರಂದು ಜರ್ಮನಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆಸಿತು. ಅವರು ಇಲ್ಲೇ ನೆಲೆಯಾದರು, ಅಂಗಡಿ ಇಟ್ಟರು. ಕೊತ್ತಂಬರಿ, ಪುದೀನ, ಬೆಂಡೆಕಾಯಿ, ಸಣ್ಣ ಬದನೆ, ಮೆಣಸಿನಕಾಯಿ, ಮಸೂರ ಬೇಳೆ ಎಲ್ಲ ಅಲ್ಲಿ ಸಿಗುತ್ತದೆ. ‘ಅಯ್ರಾನ್’ ಅಂತ ಉಪ್ಪು ಹಾಕಿದ ಮಜ್ಜಿಗೆಯೂ ಇದೆ. ನನ್ನ ಅಡುಗೆಮನೆ ಈ ಇಪ್ಪತ್ತು ವರ್ಷ ನಡೆದದ್ದರಲ್ಲಿ ಅವರ ಪಾಲು ದೊಡ್ಡದು, ಅದನ್ನು ಹೇಳದೇ ಇರಲಾರೆ.

ಇನ್ನು ನೀವು ಕೇಳಿದ ಅಂತಃಕರಣದ ಮಾತು. ಇದಕ್ಕೆ ನನ್ನದೇ ಒಂದು ಸಂಗತಿ ಹೇಳುತ್ತೇನೆ.

ನಾನು ಮೊದಲು ಬಾಡಿಗೆಗಿದ್ದದ್ದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ, ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮೇಲುಮಹಡಿಯಲ್ಲಿ. ಬಂದ ಎರಡನೇ ವಾರ ಅವರು ಸಂಜೆ ಆರಕ್ಕೆ ಫೆಸ್ಪರ್‌ಗೆ ಕರೆದರು. ನಾನು ಮಧ್ಯಾಹ್ನ ಊಟ ಬಿಟ್ಟು, ಹಸಿದುಕೊಂಡು ಹೋದೆ. ಮೇಜಿನ ಮೇಲೆ ಮರದ ಪುಟ್ಟ ಹಲಗೆಗಳು, ಬ್ರೆಡ್, ಬೆಣ್ಣೆ, ಎರಡು ಥರ ಚೀಸ್, ಮೂಲಂಗಿ. ಇದೆಲ್ಲ ಮೊದಲಿಗೆ ಕೊಡುವ ತಿಂಡಿ, ಆಮೇಲೆ ಒಲೆ ಹಚ್ಚುತ್ತಾರೆ ಅಂದುಕೊಂಡು ಒಂದೇ ತುಂಡು ತಿಂದೆ. ಅವರು ಬ್ರೆಡ್ ಎತ್ತಿ ತೋರಿಸಿ ‘ಇನ್ನೂ?’ ಅಂದರು. ನಾನು ‘ಡಾಂಕೆ’ ಅಂದೆ. ಥ್ಯಾಂಕ್ಸ್ ಹೇಳಿದರೆ ಹಾಕುತ್ತಾರೆ ಅಂತ. ಇಲ್ಲಿ ಬಡಿಸುವಾಗ ಬರೀ ‘ಡಾಂಕೆ’ ಅಂದರೆ ‘ಸಾಕು, ಬೇಡ’ ಅಂತ ಅರ್ಥ. ಬೇಕಿದ್ದರೆ ‘ಗೆರ್ನೆ’ ಅಥವಾ ‘ಬಿಟೆ’ ಅನ್ನಬೇಕು. ಅವರು ಬುಟ್ಟಿಯನ್ನು ಒಳಗಿಟ್ಟರು. ಆ ರಾತ್ರಿ ನಾನು ಹಸಿದು ಮಲಗಿ ಅತ್ತೆ. ಇವರಿಗೆ ಕರುಳೇ ಇಲ್ಲ ಅಂತ ಅಮ್ಮನಿಗೆ ಕಾಗದ ಬರೆದೆ.

ನಮ್ಮಲ್ಲಿ ಮೊದಲ ಸಲ ‘ಬೇಡ’ ಅನ್ನುವುದು ಮರ್ಯಾದೆ. ಮೂರನೇ ಸಲ ಕೇಳಿದಾಗ ‘ಸರಿ, ಸ್ವಲ್ಪ’ ಅನ್ನುತ್ತೇವೆ. ಕೇಳುವವರಿಗೂ ಅದು ಗೊತ್ತು. ಇಲ್ಲಿ ಒಬ್ಬರು ‘ಬೇಡ’ ಅಂದರೆ ಆ ಮಾತನ್ನು ನಂಬುವುದೇ ಮರ್ಯಾದೆ. ಮತ್ತೆ ಮತ್ತೆ ಕೇಳಿದರೆ ‘ನಿನ್ನ ಮಾತು ನಾನು ನಂಬಲಿಲ್ಲ’ ಅಂದ ಹಾಗಾಗುತ್ತದೆ ಅವರಿಗೆ. ನಿಮ್ಮ ಮಗಳ ಜೊತೆಯವರು ಕೇಳಿದ್ದಾರಲ್ಲ, ಅವರು ನಿಜವಾಗಿಯೇ ಕೇಳಿದ್ದು. ಮುಂದಿನ ಸಲ ಅವಳು ಮೊದಲ ಬಾರಿಗೇ ‘ಗೆರ್ನೆ’ ಅಂದು ನೋಡಲಿ.

ಆ ಮನೆಯಾಕೆಯ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ನಂತರ ನನ್ನ ಅಪ್ಪ ತೀರಿಕೊಂಡರು. ಕಾರ್ಯ ಮುಗಿಸಿ ಫೆಬ್ರವರಿಯ ಒಂದು ಶನಿವಾರ ರಾತ್ರಿ ವಾಪಸು ಬಂದೆ. ಬಾಗಿಲ ಹಿಡಿಗೆ ಒಂದು ಬಟ್ಟೆಚೀಲ ನೇತುಹಾಕಿತ್ತು. ಒಳಗೆ ಅರ್ಧ ಬ್ರೆಡ್, ಬೆಣ್ಣೆ, ಹಾಲು, ಎರಡು ಸೇಬು. ಜೊತೆಗೆ ಚೀಟಿ. ‘ಹೀಟರ್ ಹಾಕಿಟ್ಟಿದ್ದೇನೆ. ಮಾತಾಡಬೇಕು ಅನಿಸಿದಾಗ ಕೆಳಗೆ ಬಾ.’ ಅಷ್ಟೇ. ಬೆಲ್ ಮಾಡಲಿಲ್ಲ, ಬಂದು ಕೂರಲಿಲ್ಲ. ನನ್ನ ದುಃಖದ ಒಳಗೆ ನಾನು ಕರೆಯದೆ ಬರಲಿಲ್ಲ. ಆದರೆ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಹುಡುಗಿಗೆ ಬೆಳಗ್ಗೆ ತಿನ್ನಲು ಏನೂ ಇರುವುದಿಲ್ಲ ಅಂತ ಲೆಕ್ಕ ಹಾಕಿದ್ದರು. ಆ ಬ್ರೆಡ್ಡನ್ನು ನಾನು ನಾಲ್ಕು ದಿನ ತಿಂದೆ.

ಹಾಗಾಗಿ ಫ್ರಿಜ್ ಮೇಲಿನ ಚೀಟಿಯನ್ನು ಅವಮಾನ ಅಂತ ಓದಬೇಡಿ. ಇವರು ಎಲ್ಲಕ್ಕೂ ಚೀಟಿ ಬರೆಯುತ್ತಾರೆ, ಪ್ರೀತಿಗೂ. ಕಿಟಕಿಯ ವಿಷಯಕ್ಕೆ ಕಾರಣವೂ ಇದೆ. ಚಳಿ ತಡೆಯಲು ಇಲ್ಲಿನ ಮನೆಗಳನ್ನು ಗಾಳಿ ಆಡದ ಹಾಗೆ ಬಿಗಿಯಾಗಿ ಕಟ್ಟಿರುತ್ತಾರೆ. ಅಡುಗೆಯ ಹಬೆ, ಸ್ನಾನದ ಹಬೆ ಹೊರಗೆ ಹೋಗದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಬಾಡಿಗೆಗಿರುವವರು ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು. ಇದಕ್ಕೆ ‘ಲ್ಯುಫ್ಟೆನ್’ ಅನ್ನುತ್ತಾರೆ, ಹೊರಗೆ ಹಿಮ ಬೀಳುತ್ತಿದ್ದರೂ ಬಿಡುವುದಿಲ್ಲ. ಒಗ್ಗರಣೆಗೆ ಮೊದಲೇ ಕಿಟಕಿ ತೆಗೆದು, ಅಡುಗೆಮನೆಯ ಬಾಗಿಲು ಹಾಕಿಕೊಂಡರೆ ಚೀಟಿ ಬರುವುದಿಲ್ಲ. ಹೊಗೆ ಕಂಡರೆ ಕಿರುಚುವ ಅಲಾರಂ ಬಾಡಿಗೆ ಮನೆಗಳಲ್ಲಿ ಕಡ್ಡಾಯವಾಗಿ ಇರುತ್ತದೆ, ಅದಕ್ಕೂ ಇದೇ ಉಪಾಯ. ಮತ್ತೆ ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕುವುದು ಬೇಡ. ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡಬಾರದ ಹೊತ್ತು. ಭಾನುವಾರ ಇಡೀ ದಿನ ಹಾಗೆ. ದೋಸೆಗೆ ಶನಿವಾರವೇ ರುಬ್ಬಿಕೊಳ್ಳಲಿ. ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ, ಓವನ್ ಒಳಗಿಟ್ಟು ಬರೀ ಲೈಟ್ ಹಾಕಿ ರಾತ್ರಿ ಬಿಡಲಿ. ಬೆಳಗ್ಗೆ ಉಬ್ಬಿರುತ್ತದೆ.

ಭಾನುವಾರ ಅಂಗಡಿ ಮುಚ್ಚುವುದಕ್ಕೆ ಸಂವಿಧಾನದ ಬಲವಿದೆ. ಭಾನುವಾರ ಮತ್ತು ಹಬ್ಬದ ದಿನಗಳು ದುಡಿಮೆಯಿಂದ ಬಿಡುವಿನ, ಮನಸ್ಸಿನ ಉನ್ನತಿಯ ದಿನಗಳಾಗಿ ಕಾಪಾಡಲ್ಪಡಬೇಕು ಅಂತ 1919ರ ವೈಮಾರ್ ಸಂವಿಧಾನದಲ್ಲಿ ಬರೆದರು. 1949ರ ಸಂವಿಧಾನ ಆ ವಾಕ್ಯವನ್ನು ಹಾಗೇ ಉಳಿಸಿಕೊಂಡಿತು. ಕ್ಯಾಶ್ ಕೌಂಟರಿನಲ್ಲಿ ಕೂರುವ ಹೆಂಗಸಿಗೂ ಮನೆಯವರ ಜೊತೆ ಒಂದು ದಿನ ಸಿಗಲಿ ಅನ್ನುವುದು ನನಗೆ ಬಹಳ ಹಿಡಿಸಿದೆ. ಮೊದಲ ವರ್ಷ ನಾನೂ ಹಾಲಿಲ್ಲದೆ ಪರದಾಡಿದೆ. ಈಗ ಶನಿವಾರ ಸಂಜೆಯೇ ತಂದಿಡುತ್ತೇನೆ. ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ತೆಗೆದಿರುತ್ತವೆ, ಬೇಕರಿಗಳೂ ಕೆಲವು ಗಂಟೆ ತೆಗೆದಿರುತ್ತವೆ.

ಭಾನುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಮನೆಮನೆಯಲ್ಲೂ ಕಾಫಿ ಮತ್ತು ಕೇಕು. ಯಾರಾದರೂ ಕರೆದರೆ ಅವಳು ಹೋಗಲೇಬೇಕು. ಮೂರು ಅಂದರೆ ಮೂರಕ್ಕೇ ಹೋಗಬೇಕು. ಅಲ್ಲಿ ಕೂತರೆ ಜರ್ಮನ್ ಮಾತು ತಾನಾಗಿ ಬರುತ್ತದೆ. ಕೇಕಿನಲ್ಲಿ ಮೊಟ್ಟೆ ಇರುತ್ತದೆ, ತಾನು ಮೊಟ್ಟೆ ತಿನ್ನುವುದಿಲ್ಲ ಅಂತ ಮೊದಲೇ ತಿಳಿಸಿದರೆ ಅವಳಿಗೆಂದೇ ಬೇರೆ ಮಾಡಿಡುವವರಿದ್ದಾರೆ. ಅವಳ ಹುಟ್ಟುಹಬ್ಬಕ್ಕೆ ಮಾತ್ರ ಸಿಹಿ ಅವಳೇ ಹಂಚಬೇಕು, ನಮ್ಮ ಶಾಲೆಗಳಲ್ಲಿ ಮಕ್ಕಳು ಚಾಕೊಲೇಟ್ ಹಂಚುತ್ತಾರಲ್ಲ, ಹಾಗೆ. ಬೇರೆಯವರಿಗೆ ಒಂದು ದಿನ ಮುಂಚೆ ಶುಭಾಶಯ ಹೇಳಬಾರದು, ಅದು ಅಪಶಕುನ ಅನ್ನುತ್ತಾರೆ.

ಪದಗಳನ್ನು ಕೇಳಿ ಕೇಳಿ ಬರೆದುಕೊಳ್ಳಲು ಹೇಳಿ. ಈ ಊರಿನ ಕಡೆಗೂ ನಮ್ಮ ನುಡಿಗೂ ಹಳೆಯ ನಂಟಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಬ್ರಾಕೆನ್‌ಹೈಮ್‌ನಲ್ಲಿ. 1894ರ ದೊಡ್ಡ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ದಕ್ಷಿಣಕ್ಕಿರುವ ಟ್ಯೂಬಿಂಗೆನ್‌ನಲ್ಲಿ. ನಮ್ಮೂರಿಗೆ ಬಂದು ಒಂದೊಂದೇ ಪದ ಕೇಳಿ ಬರೆದುಕೊಂಡವರು ಅವರು. ರಜೆಯ ದಿನ ರೈಲಿನಲ್ಲಿ ಟ್ಯೂಬಿಂಗೆನ್‌ಗೆ ಹೋಗಿಬರಲಿ, ಒಂದು ಗಂಟೆಯ ದಾರಿ.

ಸಂಜೆ ಬಿಸಿ ಅನ್ನ ಬೇಕು ಅನಿಸಿದ ದಿನ ಅವಳು ಮಾಡಿಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ. ಇನ್ನೂ ಒಳ್ಳೆಯದು, ವಾರಕ್ಕೊಂದು ಸಂಜೆ ಜೊತೆಯವರಿಬ್ಬರನ್ನೂ ಕೂರಿಸಿ ಉಪ್ಪಿಟ್ಟೋ ಚಿತ್ರಾನ್ನವೋ ಬಡಿಸಲಿ. ಎರಡು ದಿನ ಮುಂಚೆ ಹೇಳಬೇಕು. ಹೇಳಿದರೆ ಸರಿಯಾದ ಹೊತ್ತಿಗೆ ಬರುತ್ತಾರೆ, ಕೈಯಲ್ಲಿ ಏನಾದರೂ ಹಿಡಿದು ಬರುತ್ತಾರೆ, ಪಾತ್ರೆ ತೊಳೆಯಲೂ ನಿಲ್ಲುತ್ತಾರೆ.

ನಿಮಗೂ ಒಂದು ಸಲಹೆ. ವಾರದಲ್ಲಿ ಒಂದು ದಿನವಾದರೂ ರಾತ್ರಿಯ ಬದಲು ಸಂಜೆ ಐದೂವರೆಗೆ ಕಾಲ್ ಮಾಡಿ. ಅಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಮುಂದಿಡುತ್ತಾರೆ, ಆಮೇಲೆ ನಾಲ್ಕೂವರೆಗೆ ಮಾಡಬೇಕು. ಮೆನ್ಸಾದ ತಟ್ಟೆ ತೋರಿಸು ಅನ್ನಿ.

ಪಾರ್ಸೆಲ್ ಕಳಿಸಿ, ಖಂಡಿತ ಕಳಿಸಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಹುಣಸೆಹಣ್ಣು, ಇಂಗು, ಮನೆಯ ಹಪ್ಪಳ. ಪ್ರತಿಯೊಂದರ ಮೇಲೂ ಏನು ಅಂತ ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿ. ತುಪ್ಪ, ಪೇಡ, ಖೋವಾದ ಸಿಹಿ ಹಾಕಬೇಡಿ. ಹಾಲಿನಿಂದ ಮಾಡಿದ್ದನ್ನು ಯುರೋಪಿನ ಹೊರಗಿನಿಂದ ಅಂಚೆಯಲ್ಲಿ ತರಿಸುವಂತಿಲ್ಲ, ಕಸ್ಟಮ್ಸ್‌ನಲ್ಲಿ ತೆಗೆದುಬಿಡುತ್ತಾರೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಹಾಗಾಗಿ ನೆರಳಲ್ಲಿ ಒಣಗಿಸಿ ಚಟ್ನಿಪುಡಿಗೇ ಸೇರಿಸಿ ಕುಟ್ಟಿಬಿಡಿ. ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ತಿನ್ನಲು ಹೇಳಿ. ನನ್ನ ಸಂಜೆಯ ಊಟ ಇಪ್ಪತ್ತು ವರ್ಷದಿಂದ ಅದೇ. ಸ್ವಲ್ಪ ಜಾಸ್ತಿಯೇ ಕಳಿಸಿ, ಜೊತೆಯವರಿಬ್ಬರೂ ಕೇಳುತ್ತಾರೆ.